ಇಲ್ಲದ ಮನೆಗೆ ತಂದ ಸಾಮಾನು

ನಾನು ಮೊದಲು ಕೊಂಡದ್ದು ಒಂದು ಜೊತೆ ಹಿತ್ತಾಳೆ ಹಿಡಿಗಳು. ಬಾಗಿಲಿಗೆ ಹಾಕುವಂಥವು, ತುದಿಯಲ್ಲಿ ಒಂದೊಂದು ಪುಟ್ಟ ನವಿಲು. ಅವೆನ್ಯೂ ರಸ್ತೆಯ ಒಳಗಲ್ಲಿಯ ಅಂಗಡಿಯಾತ ಅವನ್ನು ಹಳೇ ಪೇಪರಿನಲ್ಲಿ ಸುತ್ತಿ, ಸೆಣಬಿನ ದಾರ ಕಟ್ಟಿ ಕೈಗಿಟ್ಟಾಗ ಎಲ್ಲೋ ಒಂದು ಬಾಗಿಲು ಮೆಲ್ಲಗೆ ತೆರೆದುಕೊಂಡ ಹಾಗಾಯಿತು. ಆಗ ನಮಗೆ ನಮ್ಮದೆಂದು ಹೇಳಿಕೊಳ್ಳಲು ಒಂದು ಬಾಗಿಲೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಿದ್ದದ್ದು ತುಮಕೂರು ರಸ್ತೆಯ ಪಕ್ಕದ ಒಂದು ವಠಾರದಲ್ಲಿ. ಸಾಲಾಗಿ ಎಂಟು ಮನೆ, ಎಲ್ಲಕ್ಕೂ ಸೇರಿ ಒಂದೇ ನಲ್ಲಿ. ನಮ್ಮ ಪಾಲಿಗೆ ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ. ನನ್ನ ಯಜಮಾನರು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಜಾಲಹಳ್ಳಿ ಕಡೆಯ ಒಂದು ದೊಡ್ಡ ಕಾರ್ಖಾನೆಯಲ್ಲಿ, ಭೂತಗನ್ನಡಿಯ ಕೆಳಗೆ ಕೂದಲಿನಷ್ಟು ತೆಳ್ಳಗಿನ ತಂತಿಗಳನ್ನು ಒಂದಕ್ಕೊಂದು ಬೆಸೆಯುತ್ತ ಕೂರುತ್ತಿದ್ದೆ. ದಿನಕ್ಕೆ ಎಂಟು ಗಂಟೆ ಆ ಗಾಜಿನೊಳಗೆ ನೋಡಿ ನೋಡಿ, ಹೊರಗೆ ಬಂದಾಗ ಮರ, ಬಸ್ಸು, ಜನ ಎಲ್ಲ ದೂರದಲ್ಲಿ ತೇಲುತ್ತಿರುವ ಹಾಗೆ ಕಾಣುತ್ತಿತ್ತು.

ಮದುವೆಯಾಗಿ ಎರಡನೇ ವರ್ಷ ನಾವೊಂದು ಗೃಹನಿರ್ಮಾಣ ಸಂಘಕ್ಕೆ ಸೇರಿ, ಪೀಣ್ಯದಿಂದ ಆಚೆ ಒಂದು ಥರ್ಟಿ ಫಾರ್ಟಿ ಸೈಟಿಗೆ ಕಂತು ಕಟ್ಟಲು ಶುರುಮಾಡಿದೆವು. ಸೈಟೆಂದರೆ ನಾಲ್ಕು ಮೂಲೆಯಲ್ಲಿ ನಾಲ್ಕು ಕಲ್ಲು, ಮಧ್ಯೆ ಹುಲ್ಲು. ಹಿಂದಿನ ವರ್ಷದವರೆಗೂ ಹೊಲವಾಗಿದ್ದ ನೆಲ. ಭಾನುವಾರ ಸಂಜೆ ಇವರು ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಕಲ್ಲಿನ ಮೇಲೆ ಕೂತು, ಜೇಬಿನಿಂದ ವರ್ಕ್‌ಶಾಪಿನ ಕೆಲಸದ ವಿವರ ಬರೆಯುವ ಜಾಬ್ ಕಾರ್ಡ್ ತೆಗೆದು, ಅದರ ಬೆನ್ನ ಮೇಲೆ ಮನೆಯ ನಕ್ಷೆ ಬರೆಯುತ್ತಿದ್ದರು. ಪ್ರತಿ ಸಲವೂ ಬೇರೆ ನಕ್ಷೆ. ಒಂದರಲ್ಲಿ ಮೆಟ್ಟಿಲು ಒಳಗೆ, ಇನ್ನೊಂದರಲ್ಲಿ ಹೊರಗೆ. ಅವರ ಆಸೆಗೆ ಒಂದು ಪೆನ್ಸಿಲ್ ಸಾಕಾಗುತ್ತಿತ್ತು. ನನಗೆ ಸಾಕಾಗಲಿಲ್ಲ.

ನವಿಲಿನ ಹಿಡಿಗಳಾದ ಮೇಲೆ ಪರದೆ ಬಟ್ಟೆ ಬಂತು, ತಿಳಿನೀಲಿ, ಅಂಚಿಗೆ ಬಿಳಿ ಹೂವು. ಆಮೇಲೆ ಗುಲಾಬಿ ಚಿತ್ರದ ಟೀ ಸೆಟ್. ಹಂಸದ ಆಕಾರದ ಹೂದಾನಿ. ಊಟದ ಮೇಜಿಗೆ ಹಾಸುವ ಕಸೂತಿ ಬಟ್ಟೆ. ಶನಿವಾರ ಅರ್ಧ ದಿನದ ಕೆಲಸ ಮುಗಿದ ಕೂಡಲೇ ನನ್ನ ಕಾಲು ತಾನಾಗಿ ಮೆಜೆಸ್ಟಿಕ್ ಬಸ್ಸಿನ ಕಡೆ ತಿರುಗುತ್ತಿತ್ತು. ಚಿಕ್ಕಪೇಟೆಯ ಗಲ್ಲಿಗಳಲ್ಲಿ ನಡೆಯುವಾಗ ನಾನು ಬೀದಿಯಲ್ಲಿದ್ದೇನೆ ಎನ್ನಿಸುತ್ತಿರಲಿಲ್ಲ. ನನ್ನ ಮನೆಯ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದೆ. ಇಲ್ಲಿ ಕಿಟಕಿ, ಇಲ್ಲಿಗೆ ಈ ಪರದೆ. ಇಲ್ಲಿ ನೆಂಟರು ಕೂರುತ್ತಾರೆ, ಅವರಿಗೆ ಈ ಬಟ್ಟಲು. ಅಂಗಡಿಯವರು ಬೆಲೆ ಹೇಳುವ ದನಿ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂತರೆ, ಯಶವಂತಪುರದ ಹತ್ತಿರ ಸೋಪಿನ ಕಾರ್ಖಾನೆಯ ಗಂಧದ ವಾಸನೆ ಒಳಗೆ ನುಗ್ಗುತ್ತಿತ್ತು. ಅಷ್ಟು ಹೊತ್ತಿಗೆ ನನ್ನ ಮನೆಯ ಗೋಡೆ ಸೂರಿನವರೆಗೆ ಎದ್ದು ನಿಂತಿರುತ್ತಿತ್ತು. ವಠಾರದ ನಲ್ಲಿಯ ಮುಂದೆ ಬಿಂದಿಗೆಗಳ ಸದ್ದು ಕಿವಿಗೆ ಬಿದ್ದೊಡನೆ ಎಲ್ಲ ಕರಗಿಹೋಗುತ್ತಿತ್ತು. ಮಡಿಲಲ್ಲಿ ಉಳಿಯುತ್ತಿದ್ದದ್ದು ಒಂದು ಪೊಟ್ಟಣ. ಅದನ್ನು ಬಿಚ್ಚಲು ಕೂಡ ಮನಸ್ಸಾಗುತ್ತಿರಲಿಲ್ಲ. ಮಂಚದ ಕೆಳಗೆ ತಳ್ಳಿ ಒಲೆ ಹಚ್ಚುತ್ತಿದ್ದೆ.

ಯಾಕೆ ಹೀಗಾಯಿತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ನಾನು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಅತ್ತೆ ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಊಟ ಹಾಕಿದರು, ಓದಿಸಿದರು. ನನ್ನ ಬಟ್ಟೆಬರೆಗೆ ಅವರ ಬೀರುವಿನ ಕೆಳಗಿನ ಅಂಕಣದಲ್ಲಿ ಅರ್ಧ ಜಾಗ ಇತ್ತು. ಇಷ್ಟನ್ನೇ ಕಾರಣ ಎಂದು ಹೇಳಲು ನನಗೆ ನಾಚಿಕೆ. ನನ್ನ ಹಾಗೆ ಬೆಳೆದವರು ಎಷ್ಟೋ ಜನ. ಅವರೆಲ್ಲ ಹಂಸದ ಹೂದಾನಿ ಕೊಂಡು ಮಂಚದ ಕೆಳಗಿಡಲಿಲ್ಲ.

ಮಂಚದ ಕೆಳಗೆ ಜಾಗ ಮುಗಿದಾಗ, ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಯ ಕ್ವಾರ್ಟರ್ಸಿಗೆ ಸಾಗಿಸತೊಡಗಿದೆ. ಅವಳಿಗೆ ಅಟ್ಟವಿತ್ತು. ನನಗಿಂತ ಆರೇಳು ವರ್ಷ ದೊಡ್ಡವಳು, ಮಾತು ಖಾರ, ಕೈ ಧಾರಾಳ.

"ಲೇ, ನಮ್ಮನೆ ಅಟ್ಟ ಏನು ನಿನ್ನ ಗೋಡೌನಾ? ಮನೆಗೆ ಪಾಯಾನೇ ಹಾಕಿಲ್ಲ, ಪರದೆ ತಂದಿದೀಯ," ಎಂದು ಬೈಯುತ್ತಲೇ ಒಳಗಿಟ್ಟುಕೊಳ್ಳುತ್ತಿದ್ದಳು. ಸಂಬಳ ಸಾಲದೆ ಹೋದಾಗ ಕಾರ್ಖಾನೆಯ ಸೊಸೈಟಿಯಲ್ಲಿ ಸಾಲ ತೆಗೆದೆ, ಜಾಮೀನಿಗೆ ಅವಳೇ ಸಹಿ ಹಾಕಿದಳು. ಮದುವೆಯಲ್ಲಿ ಸೋದರಮಾವ ಹಾಕಿದ ಸರ ಗಿರವಿ ಅಂಗಡಿಗೆ ಹೋಯಿತು. ಕೊರಳಲ್ಲಿ ಕರಿಮಣಿ ಮಾತ್ರ ಇರುವುದನ್ನು ಇವರು ಒಂದು ದಿನ ಗಮನಿಸಿದರು. "ಸರ ಎಲ್ಲಿ?" ಅಂದರು. "ಕೊಂಡಿ ಸಡಿಲ ಆಗಿದೆ, ಎತ್ತಿಟ್ಟಿದೀನಿ," ಅಂದೆ. ಅವರು ನಂಬಿದರು. ನನ್ನ ಮಾತನ್ನು ಅವರು ಯಾವಾಗಲೂ ನಂಬುತ್ತಿದ್ದರು.

ಸೈಟಿನ ಕಂತನ್ನು ಸಂಘದ ಕಚೇರಿಗೆ ಹೋಗಿ ಕಟ್ಟುವುದು ನನ್ನ ಕೆಲಸವಾಗಿತ್ತು. ಕಚೇರಿ ರಾಜಾಜಿನಗರದಲ್ಲಿ, ನಾನು ಹೋಗಿಬರುವ ದಾರಿಗೆ ಹತ್ತಿರ. ಒಂದು ತಿಂಗಳು ಆ ದುಡ್ಡು ಪರ್ಸಿನಲ್ಲಿದ್ದಾಗಲೇ ಒಂದು ಅಂಗಡಿಯಲ್ಲಿ ಗಾಜಿನ ತೂಗುದೀಪ ಕಂಡೆ. ಹರಳಿನಂಥ ತುಂಡುಗಳು, ಗಾಳಿಗೆ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಮುಂದಿನ ತಿಂಗಳು ಎರಡು ಕಂತು ಸೇರಿಸಿ ಕಟ್ಟಿದರಾಯಿತು ಎಂದುಕೊಂಡೆ. ಮುಂದಿನ ತಿಂಗಳು ಬಂತು, ಅದರ ಮುಂದಿನದೂ ಬಂತು. ಮನೆಯನ್ನು ತುಂಬಿಸಲು ಹೋಗಿ ಮನೆಯ ನೆಲವನ್ನೇ ತಿನ್ನುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕನಸಿನಲ್ಲಿ ಬೀಳುವಾಗ ಬೀಳುತ್ತಿದ್ದೇನೆಂದು ಗೊತ್ತಿರುತ್ತದಲ್ಲ, ಹಾಗೆ.

ಒಂದು ಗುರುವಾರ ಕರೆಂಟಿಲ್ಲದೆ ಇವರ ವರ್ಕ್‌ಶಾಪ್ ಮುಚ್ಚಿತ್ತು. ಕೆಲಸ ಮುಗಿಸಿ ನಾನು ಬಂದಾಗ ಹೊಸ್ತಿಲ ಮೇಲೆ ಕೂತಿದ್ದರು. ತೊಡೆಯ ಮೇಲೆ ಸಂಘದಿಂದ ಬಂದ ಕಾಗದ.

"ಏಳು ತಿಂಗಳಿಂದ ಕಂತು ಕಟ್ಟಿಲ್ಲ ಅಂತ ಬರ್ದಿದಾರೆ ನೋಡು," ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಎಲ್ಲೋ ಲೆಕ್ಕ ತಪ್ಪಿರಬೇಕು. ರಸೀದಿ ಎಲ್ಲಿಟ್ಟಿದೀಯ ಕೊಡು, ನಾಳೆ ಹೋಗಿ ತೋರಿಸ್ಬಿಟ್ಟು ಬರ್ತೀನಿ."

"ರಸೀದಿ ಇಲ್ಲಾ ರೀ."

"ಕಳೆದ್ಹೋಯ್ತಾ?"

"ಇಲ್ಲ. ಕಟ್ಟಿಲ್ಲ."

ಅವರು ಕಾಗದವನ್ನು ಮತ್ತೊಮ್ಮೆ ಓದಿದರು, ನನ್ನ ಮಾತು ಅದರಲ್ಲೇ ಬರೆದಿದೆಯೋ ಎಂಬಂತೆ. ನಾನು ಒಳಗೆ ಹೋಗಿ ಮಂಚದ ಕೆಳಗಿನಿಂದ ಒಂದೊಂದಾಗಿ ಎಳೆದೆ. ತೂಗುದೀಪದ ಪೊಟ್ಟಣ ಬಿಚ್ಚಿದಾಗ ಬಾಗಿಲಿಂದ ಬರುತ್ತಿದ್ದ ಸಂಜೆಯ ಬಿಸಿಲು ಗಾಜಿಗೆ ತಾಗಿ, ಒರಟು ಗೋಡೆಯ ಮೇಲೆಲ್ಲ ಬಣ್ಣದ ಚುಕ್ಕೆಗಳು ಓಡಾಡಿದವು.

"ಏನಿದು?"

"ಹಾಲ್‌ಗೆ."

"ಯಾವ ಹಾಲ್‌ಗೆ?"

ಸೊಸೈಟಿ ಸಾಲ, ಗಿರವಿಗಿಟ್ಟ ಸರ, ಗೆಳತಿಯ ಅಟ್ಟ, ಎಲ್ಲವನ್ನೂ ಅವತ್ತೇ ಹೇಳಿಬಿಟ್ಟೆ. ಹೇಳುತ್ತ ಹೋದ ಹಾಗೆ ಬೇರೆ ಯಾರದೋ ವಿಷಯ ಹೇಳುತ್ತಿದ್ದೇನೆ ಎನ್ನಿಸಿತು. ಅವರು ಕೂಗಾಡಲಿಲ್ಲ. ಎರಡು ದಿನ ಊಟಕ್ಕೆ ಕೂತಾಗ ತಟ್ಟೆ ಬಿಟ್ಟು ಬೇರೆ ಕಡೆ ನೋಡಲಿಲ್ಲ, ಅಷ್ಟೆ. ಶನಿವಾರ ಕೈ ತೊಳೆಯುತ್ತ ಹೇಳಿದರು:

"ಎಲ್ಲಾನೂ ಒಂದ್ಸಲ ಒಟ್ಟಿಗೆ ನೋಡ್ಬೇಕು ಕಣೇ. ಇಲ್ಲಿ ಹರಡೋಕೆ ಜಾಗ ಇಲ್ಲ. ಸೈಟಿಗೇ ತಗೊಂಡೋಗೋಣ."

ಭಾನುವಾರ ನಸುಕಿನಲ್ಲೇ ಒಂದು ಕೈಗಾಡಿ ಬಾಡಿಗೆಗೆ ತಂದರು. ವಠಾರದವರು ಮನೆ ಖಾಲಿ ಮಾಡುತ್ತಿದ್ದೇವೆಂದುಕೊಂಡರು. ಗೆಳತಿಯ ಅಟ್ಟದಿಂದ ಇಳಿಸಿದ್ದೂ ಸೇರಿ ಗಾಡಿಗೆ ಎರಡು ಸಲದ ಹೊರೆಯಾಯಿತು. ಗೆಳತಿಯೂ ಸೆರಗು ಸಿಕ್ಕಿಸಿಕೊಂಡು ಜೊತೆಗೆ ಬಂದಳು. ಇವರು ಒಂದು ಚೀಲದಲ್ಲಿ ಸುಣ್ಣದ ಪುಡಿ ತಂದಿದ್ದರು. ನಾಲ್ಕು ಕಲ್ಲುಗಳ ನಡುವೆ, ಹೆಜ್ಜೆಯಲ್ಲಿ ಅಳೆದು, ಹುಲ್ಲಿನ ಮೇಲೆ ಪುಡಿ ಉದುರಿಸಿ ಮನೆ ಬರೆದರು. ಮುಂದೆ ಹಾಲ್, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಮಲಗುವ ಕೋಣೆ, ನಾಲ್ಕು ಕಿಟಕಿ.

"ಈಗ ಒಂದೊಂದು ಎಲ್ಲೆಲ್ಲಿ ಅಂತ ಇಡು," ಎಂದರು.

ಅಂದಿನ ಬೆಳಗು ನನಗೆ ಈಗಲೂ ಪೂರ್ತಿ ನಿಜವೆನ್ನಿಸುವುದಿಲ್ಲ. ಮಾಗಿಯ ಮಂಜು ಇನ್ನೂ ನೆಲದ ಮೇಲೆ ತೆಳ್ಳಗೆ ಹಾಸಿತ್ತು. ಪೀಣ್ಯದ ಶೆಡ್ಡುಗಳ ತಗಡಿನ ಸೂರುಗಳು ಅದರಾಚೆ ಬೂದು ಬಣ್ಣದ ದೋಣಿಗಳ ಹಾಗೆ ಕಾಣುತ್ತಿದ್ದವು. ನಾನು ಹುಲ್ಲಿನ ಮೇಲೆ ಕಸೂತಿ ಬಟ್ಟೆ ಹಾಸಿ ಗುಲಾಬಿ ಬಟ್ಟಲುಗಳನ್ನು ಜೋಡಿಸಿದೆ. ಬಾಗಿಲಿರಬೇಕಾದ ಜಾಗದಲ್ಲಿ ಹಿತ್ತಾಳೆ ಹಿಡಿಗಳನ್ನಿಟ್ಟೆ. ಹೂದಾನಿಯಲ್ಲಿ ಗೆಳತಿ ಎಲ್ಲಿಂದಲೋ ಒಂದು ಹಿಡಿ ತುಂಬೆ ಹೂವು ಕಿತ್ತು ತಂದಿಟ್ಟಳು. ಎಷ್ಟೋ ದಿನದಿಂದ ನನ್ನೊಳಗೆ ಮಾತ್ರ ಇದ್ದ ಮನೆ ಅರ್ಧ ಗಂಟೆ ಹೊತ್ತು ಹೊರಗೆ, ಬಿಸಿಲಿನಲ್ಲಿ, ಮೂರು ಜನರ ಕಣ್ಣಮುಂದೆ ಇತ್ತು. ಚೆನ್ನಾಗಿತ್ತು. ಇವರೂ ಅದನ್ನೇ ನೋಡುತ್ತ ನಿಂತಿದ್ದರು.

ಆಮೇಲೆ ತೊಡಕು ಶುರುವಾಯಿತು. ನಾಲ್ಕು ಕಿಟಕಿಗೆ ಹನ್ನೊಂದು ಜೊತೆ ಪರದೆ. ಒಂದು ಹಾಲ್‌ಗೆ ಮೂರು ತೂಗುದೀಪ. ಎರಡನೆಯದನ್ನೂ ಮೂರನೆಯದನ್ನೂ ಯಾವಾಗ ತಂದೆನೆಂಬುದೇ ನೆನಪಿಗೆ ಬರಲಿಲ್ಲ. ಕಾಗದ ಬಿಚ್ಚಿದ ಹಾಗೆಲ್ಲ ನಾನು ಕಂಡ ನೆನಪೇ ಇಲ್ಲದ ವಸ್ತುಗಳು ಹೊರಬಂದವು. ಒಂದು ಪೊಟ್ಟಣದಲ್ಲಿ ಅಂಥದ್ದೇ ಇನ್ನೊಂದು ಹಂಸ. ಅಡುಗೆಮನೆ ತುಂಬಿ, ಕೋಣೆ ತುಂಬಿ, ಸಾಮಾನು ಸುಣ್ಣದ ಗೆರೆ ದಾಟಿ ಪಕ್ಕದ ಸೈಟಿಗೆ ಹೋಯಿತು. ನಾನು ಒಂದು ತೂಗುದೀಪ ಹಿಡಿದು ಎಲ್ಲಿಡಲೂ ಜಾಗವಿಲ್ಲದೆ ಹಾಲ್‌ನ ನಡುವೆ ನಿಂತುಬಿಟ್ಟೆ. ಕಾಲಿಡಲು ಕೂಡ ಜಾಗ ಇರಲಿಲ್ಲ. ಆ ಮನೆಯಲ್ಲಿ ನಾವಿಬ್ಬರು ಕೂತು ಅನ್ನ ಉಣ್ಣುವ ಹಾಗಿರಲಿಲ್ಲ. ಅಳು ಬಂದದ್ದು ಆಗಲೇ.

"ಅಕ್ಕ, ಇದೆಷ್ಟು?"

ಹಿಂದಿನಿಂದ ಯಾರೋ ಕೇಳಿದರು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದ ಒಬ್ಬ ಕೆಲಸಗಾರ, ಕೈಯಲ್ಲಿ ಟಿಫನ್ ಕ್ಯಾರಿಯರ್. ನಮ್ಮನ್ನು ಅಂಗಡಿಯವರೆಂದುಕೊಂಡಿದ್ದ. ನಾನು ಬಾಯಿ ತೆರೆಯುವ ಮುಂಚೆ ಗೆಳತಿ ಬೆಲೆ ಹೇಳಿಬಿಟ್ಟಳು. ಅವನು ಸ್ವಲ್ಪ ಚೌಕಾಸಿ ಮಾಡಿ, ಒಂದು ಜೊತೆ ಪರದೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಇವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮಾರಬೇಕೆಂದು ನಾವ್ಯಾರೂ ಅಂದುಕೊಂಡು ಬಂದಿರಲಿಲ್ಲ.

ಒಬ್ಬನ ಹಿಂದೆ ನಾಲ್ಕು ಜನ ಬಂದರು. ಪಕ್ಕದ ಹಳ್ಳಿಯ ಹೆಂಗಸರು ಹುಲ್ಲಿನ ಹೊರೆ ಇಳಿಸಿ ಬಟ್ಟಲು ಎತ್ತಿ ನೋಡಿದರು. ಯಾವುದೋ ವರ್ಕ್‌ಶಾಪಿನ ಹುಡುಗರಿಬ್ಬರು ಅಕ್ಕನ ಮದುವೆಗೆ ಕೊಡಲೆಂದು ಒಂದು ಹಂಸ ಕೊಂಡರು. ಒಂದೊಂದು ವಸ್ತು ಹೋದಾಗಲೂ ಹಲ್ಲು ಕಿತ್ತ ಹಾಗಾಗುತ್ತಿತ್ತು. ಉಳಿದಿದ್ದ ಮೊದಲಿನ ಹಂಸವನ್ನು ಒಬ್ಬಾಕೆ ತೆಗೆದುಕೊಂಡು ಹೋದಾಗ ನಾನು ತಡೆಯಲಾರದೆ ಅವಳ ಹಿಂದೆ ಓಡಿದೆ.

"ಅದು ಕೊಡಲ್ಲ, ವಾಪಸ್ ಕೊಡಿ," ಅಂದೆ.

"ದುಡ್ಡು ಇಸ್ಕೊಂಡು ಈಗ ಕೊಡಲ್ಲ ಅಂದ್ರೆ ಏನ್ರೀ ಅರ್ಥ?" ಎಂದು ಆಕೆ ಹೂದಾನಿಯನ್ನು ಎದೆಗೆ ಒತ್ತಿಕೊಂಡಳು. ಒಳಗಿದ್ದ ತುಂಬೆ ಹೂವು ಇನ್ನೂ ಹಾಗೇ ಇತ್ತು. ನಾನು ದಾರಿಯ ಮಧ್ಯೆ ನಿಂತೆ. ಆಕೆ ಹೋದಳು.

ಟೀ ಸೆಟ್ಟಿನ ಮುಂದೆ ಒಬ್ಬ ಮುದುಕಿ ಬಂದು ಕೂತಿದ್ದಳು. ಅದೇ ಹಳ್ಳಿಯವಳು. ಬಟ್ಟಲನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ ಕೇಳಿದಳು:

"ಇದೆಲ್ಲ ಮಾರಕ್ಕೆ ತಂದಿದ್ದಲ್ಲ ಅಲ್ವೇನವ್ವ? ನಿನ್ ಮುಖ ನೋಡಿದ್ರೆ ಅಂಗೆ ಕಾಣಾಕಿಲ್ಲ."

"ಮನೆಗೆ ಅಂತ ತಂದಿದ್ದು ಅಜ್ಜಿ."

"ಮನೆ ಎಲ್ಲೈತೆ?"

ನಾನು ಸುಣ್ಣದ ಗೆರೆ ತೋರಿಸಿದೆ. ಅವಳು ನಗಲಿಲ್ಲ. ಕೂತಲ್ಲೇ ಒಮ್ಮೆ ನೆಲವನ್ನು ಕೈಯಿಂದ ಸವರಿದಳು.

"ಇದು ನಮ್ಮ ಒಲ ಕಣವ್ವ. ಉಳ್ಳಿ ಆಕ್ತಿದ್ವಿ ಇಲ್ಲಿ. ಮಾರಿದ್ ದುಡ್ಡು ಬಂದಾಗ ನಾನೂ ಇಂಗೇ ಆಡ್ದೆ. ಮನೇಲಿ ಮೂರು ರೇಡಿಯೋ. ಮೂರೂ ಒಂದೇ ಸಲ ಅಚ್ಚಿ ಕೂರ್ತಿದ್ದೆ. ಯಾವ್ದೂ ಕೇಳುಸ್ತಿರ್ಲಿಲ್ಲ."

"ಆಮೇಲೆ?"

"ಆಮೇಲೇನು. ದುಡ್ಡು ಮುಗೀತು. ಕೂಲಿಗೋದೆ." ಎಲೆ ಅಡಿಕೆ ಸಂಚಿಯಿಂದ ಮಡಿಸಿದ ನೋಟು ತೆಗೆದು ನನ್ನ ಕೈಗಿಟ್ಟಳು. "ಎಲ್ಡು ಬಟ್ಲು ಕೊಡು, ಸಾಕು. ಆರು ತಗೊಂಡು ನಾನೇನ್ ಮಾಡ್ಲಿ?"

ಎರಡೇ ಬಟ್ಟಲನ್ನು ಬೇರೆ ಮಾಡಿ ಕೊಟ್ಟರೆ ಸೆಟ್ ಕೆಡುತ್ತದೆ ಎಂದು ಗೆಳತಿ ಸನ್ನೆ ಮಾಡಿದಳು. ನಾನು ಕೊಟ್ಟೆ. ಮುದುಕಿ ಒಂದು ಕೈಗೆ ಒಂದರಂತೆ ಹಿಡಿದುಕೊಂಡು, ನಿಧಾನಕ್ಕೆ ಹುಲ್ಲಿನ ನಡುವೆ ನಡೆದುಹೋದಳು.

ಮಧ್ಯಾಹ್ನದ ಹೊತ್ತಿಗೆ ಗೆರೆಯೊಳಗೆ ಅಷ್ಟಿಷ್ಟು ಉಳಿದಿತ್ತು. ಬಂದ ದುಡ್ಡು ನಾನು ಕೊಟ್ಟ ಬೆಲೆಯ ಕಾಲು ಭಾಗವೂ ಇರಲಿಲ್ಲ. ಅದನ್ನು ಗೆಳತಿಯ ಕೈಗೇ ಕೊಟ್ಟೆವು. ಜಾಮೀನು ಹಾಕಿದ ಮೇಲೆ ಸೊಸೈಟಿಯವರು ಅವಳನ್ನೂ ಕೇಳುತ್ತಾರೆ ತಾನೇ.

ಸೈಟು ಉಳಿಯಲಿಲ್ಲ. ಬಾಕಿ ಕಟ್ಟಲು ಸಂಘದವರು ಒಂದು ತಿಂಗಳು ಕೊಟ್ಟರು, ನಮ್ಮಿಂದಾಗಲಿಲ್ಲ. ಇವರ ವರ್ಕ್‌ಶಾಪಿನ ಒಬ್ಬರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು, ನಾವು ಅಲ್ಲಿಯವರೆಗೆ ಕಟ್ಟಿದ್ದನ್ನು ನಮಗೆ ಕೊಟ್ಟರು. ಆ ದುಡ್ಡಿನಿಂದ ಸರ ಬಿಡಿಸಿಕೊಳ್ಳಬಹುದಿತ್ತು. ನಾನೇ ಬೇಡವೆಂದೆ. ಸರ ಗಿರವಿ ಅಂಗಡಿಯಲ್ಲೇ ಮುಳುಗಿತು, ಸೊಸೈಟಿಯ ಸಾಲ ಅರ್ಧಕ್ಕಿಳಿಯಿತು. ಕಾಗದಕ್ಕೆ ಸಹಿ ಹಾಕಿ ಬಂದ ದಿನ ಇವರು ನಕ್ಷೆ ಬರೆದ ಜಾಬ್ ಕಾರ್ಡುಗಳ ಕಟ್ಟನ್ನು ಒಲೆಗೆ ಹಾಕಲು ಹೋದರು. ನಾನು ಕಿತ್ತುಕೊಂಡೆ. "ಇದಕ್ಕೇನು ಖರ್ಚಾಗಿಲ್ವಲ್ಲ ರೀ," ಎಂದೆ. ಅವರು ಅಂದು ಮೊದಲ ಸಲ ನನ್ನ ಮೇಲೆ ರೇಗಿದರು. "ಖರ್ಚಾಗಿದೆ ಕಣೇ. ನಂಗೂ ಖರ್ಚಾಗಿದೆ," ಎಂದು ಹೊರಗೆ ಹೋಗಿ ನಲ್ಲಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದರು. ಅಷ್ಟು ದಿನ ಅವರು ಸುಮ್ಮನಿದ್ದದ್ದನ್ನು ನಾನು ಕ್ಷಮೆ ಎಂದುಕೊಂಡಿದ್ದೆ. ಅದು ನೋವೆಂದು ಅಂದು ತಿಳಿಯಿತು.

ಉಳಿದ ಸಾಲ ತೀರಲು ಮೂರು ವರ್ಷ ಬೇಕಾಯಿತು. ಪ್ರತಿ ತಿಂಗಳೂ ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದರು, ಸಿಕ್ಕಿದ ದಿನವೆಲ್ಲ ಓವರ್‌ಟೈಮ್ ಮಾಡುತ್ತಿದ್ದೆ. ಅದು ದೊಡ್ಡ ಕಷ್ಟವಲ್ಲ. ಕಷ್ಟವಾಗುತ್ತಿದ್ದದ್ದು ಶನಿವಾರ ಮಧ್ಯಾಹ್ನ. ಗೇಟಿನಿಂದ ಹೊರಗೆ ಬಂದೊಡನೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು, ಎಲ್ಲೋ ಯಾರೋ ನನ್ನನ್ನು ಕಾಯುತ್ತಿದ್ದಾರೆಂಬ ಹಾಗೆ. ಗೆಳತಿ ನನ್ನ ಪರ್ಸ್ ಕಸಿದುಕೊಂಡು ತನ್ನ ಬ್ಲೌಸಿನೊಳಗೆ ಸೇರಿಸುತ್ತಿದ್ದಳು.

"ನಡಿ, ಮೆಜೆಸ್ಟಿಕ್‌ಗೇ ಹೋಗೋಣ. ಬಸ್ ಚಾರ್ಜು ನಂದು. ನಿನ್ನ ಕಣ್ಣಿಗೆ ಏನೇನು ಬೇಕೋ ಎಲ್ಲಾ ನೋಡು, ಕೈ ಮಾತ್ರ ಹಿಂದೆ ಕಟ್ಕೋ."

ಕೈ ಹಿಂದೆ ಕಟ್ಟಿಕೊಂಡು ನಡೆದೆ. ಮೊದಲ ವಾರಗಳಲ್ಲಿ ಪ್ರತಿ ಅಂಗಡಿಯ ಮುಂದೆಯೂ ಕಾಲು ತಾನಾಗಿ ನಿಲ್ಲುತ್ತಿತ್ತು. ಒಂದು ದಿನ ಪರದೆ ಅಂಗಡಿಯ ಮುಂದೆ ನಿಂತು ನೀಲಿ ಬಟ್ಟೆ ನೋಡುವಾಗ, ನನ್ನೊಳಗೆ ಗೋಡೆ ಏಳಲಿಲ್ಲ. ಬಟ್ಟೆ ಬಟ್ಟೆಯಾಗಿಯೇ ಇತ್ತು, ಗಾಳಿಗೆ ಅಲ್ಲಾಡುತ್ತಿತ್ತು. ನನಗೆ ಹಗುರವಾಯಿತು ಎನ್ನಲಾರೆ. ಏನೋ ಒಂದು ಸತ್ತ ಹಾಗೆ ದುಃಖವೇ ಆಯಿತು.

ಸಾಲ ತೀರಿಸುತ್ತಿದ್ದ ಎರಡನೇ ವರ್ಷ ಮತ್ತೆ ಒಮ್ಮೆ ಎಡವಿದೆ. ಗೆಳತಿ ಊರಿಗೆ ಹೋಗಿದ್ದ ವಾರ, ಮಲ್ಲೇಶ್ವರದಲ್ಲಿ ಒಂದು ಮೊಟ್ಟೆಯಾಕಾರದ ಕನ್ನಡಿ ಕೊಂಡುಬಿಟ್ಟೆ. ಬಸ್ ಸ್ಟಾಪಿನಲ್ಲಿ ಕೂತ ಮೇಲೆ ಮಾಡಿದ್ದೇನೆಂದು ಅರಿವಾಯಿತು. ಹಿಂದಕ್ಕೆ ಹೋಗಿ ಕೇಳಿದರೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ಮಂಚದ ಕಡೆ ಬಗ್ಗಿದವಳು ಹಾಗೇ ಎದ್ದೆ. ಇವರು ಬರುವವರೆಗೂ ಅದನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದೆ.

"ಕೊಂಡ್ಬಿಟ್ಟೆ ರೀ," ಅಂದೆ.

ಅವರು ಪೊಟ್ಟಣ ಬಿಚ್ಚಿ ಕನ್ನಡಿಯನ್ನೊಮ್ಮೆ ನೋಡಿದರು. ಆಮೇಲೆ ಸುತ್ತಿಗೆ, ಮೊಳೆ ತಂದರು. "ಗೋಡೆ ಇದೆಯಲ್ಲ, ಹಾಕೋಣ," ಎಂದು ಬಾಗಿಲ ಪಕ್ಕ ಹೊಡೆದರು. ಮೊಳೆಗೆ ಸುಣ್ಣ ಉದುರಿತು. ಕನ್ನಡಿಯಲ್ಲಿ ಒಲೆ, ಹಗ್ಗದ ಮೇಲಿನ ಬಟ್ಟೆ, ಅವರ ಬೆವರಿದ ಹಣೆ, ನನ್ನ ಮುಖ ಎಲ್ಲ ಕಂಡವು. ಆ ಕೋಣೆಗೆಂದು ನಾನು ತಂದ ಮೊದಲ ಸಾಮಾನು ಅದು. ಅಲ್ಲಿಂದ ಮುಂದೆ ಏನು ಕೊಳ್ಳುವಾಗಲೂ ಇದು ಇರುವ ಮನೆಗೋ, ಇಲ್ಲದ ಮನೆಗೋ ಎಂದು ನನ್ನನ್ನೇ ಕೇಳಿಕೊಳ್ಳುವುದು ರೂಢಿಯಾಯಿತು. ಸ್ವಂತ ಮನೆ ನಮಗೆ ಕೊನೆಗೂ ಆಗಲಿಲ್ಲ. ಬಾಡಿಗೆ ಮನೆಗಳಲ್ಲೇ ಜೀವನ ಕಳೆಯಿತು, ಚೆನ್ನಾಗಿಯೇ ಕಳೆಯಿತು.

ಸೊಸೈಟಿಯ ಸಾಲ ತೀರಿದ ತಿಂಗಳು ಸಂಬಳದ ಚೀಟಿಯಲ್ಲಿ ಕಡಿತದ ಅಂಕಣ ಖಾಲಿ ಇತ್ತು. ಕ್ಯಾಂಟೀನಿನಲ್ಲಿ ಗೆಳತಿ ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇನ್ಮೇಲೆ ನಾನು ನೆಮ್ಮದಿಯಾಗಿ ಸಾಯ್ಬಹುದು," ಎಂದು ಎರಡು ಮದ್ದೂರು ವಡೆ ತರಿಸಿದಳು. ಸಂಜೆ ಇವರು ಗೇಟಿನ ಹತ್ತಿರ ಸೈಕಲ್ ಹಿಡಿದು ಕಾಯುತ್ತಿದ್ದರು. ಹಾಗೆ ಬರುವವರಲ್ಲ.

"ಏನಾದ್ರೂ ತಗೋಬೇಕು ಅನ್ಸುತ್ತಾ?" ಎಂದು ಕೇಳಿದರು. ಕೇಳುವಾಗ ಸ್ವಲ್ಪ ಹೆದರಿದ್ದರೆಂದು ಕಾಣುತ್ತದೆ.

"ಅನ್ಸುತ್ತೆ," ಎಂದೆ.

ಯಶವಂತಪುರದ ಸಂತೆಯಲ್ಲಿ ಅವರೆಕಾಯಿ ರಾಶಿ ಬಿದ್ದಿತ್ತು. ಸೊಗಡಿನ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಎರಡು ಸೇರು ಕೊಂಡೆವು. ಮನೆಗೆ ಬಂದು ಹೊಸ್ತಿಲ ಆಚೆ ಈಚೆ ಕೂತು, ನಡುವೆ ಮೊರ ಇಟ್ಟುಕೊಂಡು ಸುಲಿದೆವು. ವಠಾರದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಕೂತರು. ಕತ್ತಲಾಗುವವರೆಗೂ ಮಾತಾಡುತ್ತ ಸುಲಿದೆವು. ಬೆರಳೆಲ್ಲ ಅಂಟು ಅಂಟಾಗಿ, ಎಷ್ಟು ತೊಳೆದರೂ ಎರಡು ದಿನ ಆ ವಾಸನೆ ಕೈಬಿಡಲಿಲ್ಲ.